ಜಾರದ ನೆಲ

ಚಾಮರಾಜನಗರದ ಕರಿಕಲ್ಲು ಪರದೇಶಕ್ಕೂ ಹೋಗುತ್ತದೆ. ಪಾಲಿಶ್ ಮಾಡಿದರೆ ಕನ್ನಡಿಯಂತೆ ಹೊಳೆಯುತ್ತದೆ. ಈಗ ನಾವೂ ಹೊಸ ಮನೆ ಕಟ್ಟಿದರೆ ಹೊಳೆಯುವ ಕಲ್ಲು, ಟೈಲ್ಸ್ ಹಾಕಿಸುತ್ತೇವೆ. ಗುಂಡ್ಲುಪೇಟೆ ಕಡೆಯೂ ಹೀಗೇ. ನೋಡೋಕೆ ಚೆಂದ. ಆದರೆ ಅದರ ಮೇಲೆ ನೀರು ಬಿದ್ದರೆ? ಅವ್ವನ ಕಾಲು ಸರ್ರನೆ ಜಾರುತ್ತದೆ.

ವಯಸ್ಸಾದಂತೆ ಹೆಂಗಸರ ಮೂಳೆ ಸವೆಯುತ್ತದೆ. ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಆಮೇಲೆ ಎಷ್ಟೋ ಜನ ಮೊದಲಿನಂತೆ ನಡೆಯಲಾರರು.

ತಪ್ಪು ಕಲ್ಲಿನದಲ್ಲ, ಪಾಲಿಶಿನದು. ಅದೇ ಕಲ್ಲು ತರಿತರಿಯಾಗಿದ್ದರೆ ಕಾಲು ನಿಲ್ಲುತ್ತದೆ. ಬಚ್ಚಲಿಗೆ ಪಾಲಿಶ್ ಮಾಡದ ಕಲ್ಲನ್ನೇ ಕೇಳಿ. "ಅಕ್ಕಾ, ತಿಕ್ಕೋಕೆ ಕಷ್ಟ" ಅಂತ ಗಾರೆಯವರು ಹೇಳಬಹುದು. ಇರಲಿ ಬಿಡಿ, ತಿಕ್ಕೋಣ. ಸಿಮೆಂಟ್ ನೆಲವಾದರೆ ಹಸಿ ಇರುವಾಗಲೇ ಗೆರೆ ಎಳೆಸಿ. ಟೈಲ್ಸ್ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಅದರ ಮೇಲೆ ಒಂದು ಲೋಟ ನೀರು ಸುರಿಯಿರಿ. ಅಂಗಾಲಿನಿಂದ ಉಜ್ಜಿ ನೋಡಿ. ನಾಚಿಕೆ ಯಾಕೆ? ದುಡ್ಡು ನಮ್ಮದು.

ನುಣುಪು ನೆಲ ಆಗಲೇ ಹಾಕಿಸಿದ್ದೀರಾ? ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಗಟ್ಟಿ ಪೈಪು ಹಾಕಿಸಿ. ಸೋಪಿನ ಜಿಡ್ಡು, ಪಾಚಿ ಕಟ್ಟದಂತೆ ತಿಕ್ಕಿ ತೊಳೆಯಿರಿ. ಬಾಗಿಲಲ್ಲಿ ಹಾಸಿದ ಗೋಣಿಚೀಲವೂ ಜಾರುತ್ತದೆ, ತೆಗೆದುಬಿಡಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ.