ಅರ್ಧ ವಿದ್ಯಾರ್ಥಿವೇತನ ಮತ್ತು ಉಳಿದರ್ಧದ ಲೆಕ್ಕ

ಮಕ್ಕಳ ಮುಂದಿನ ಓದಿನ ಮಾತು ಬಂದಾಗ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕೇಳಿಬರುವ ಹೆಸರುಗಳು ನಾಲ್ಕೈದು ಮಾತ್ರ: ನರ್ಸಿಂಗ್, ಇಂಜಿನಿಯರಿಂಗ್, ಬಿ.ಕಾಂ., ಶಿಕ್ಷಕ ತರಬೇತಿ, ಇತ್ತೀಚೆಗೆ ಕಂಪ್ಯೂಟರ್. ಇವುಗಳ ನಡುವೆ ಹೊಸದೊಂದು ವಿದ್ಯೆಯ ಹೆಸರನ್ನು ಹೇಳಿಕೊಂಡು ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯ ಕೆಲವು ಯುವಜನರು ಗುರುಗಳ ಬಳಿಗೆ ಬರತೊಡಗಿದ್ದಾರೆ. ಕೆರೆ, ಕಾಡು, ವನ್ಯಜೀವಿಗಳ ಸಂರಕ್ಷಣೆಗಾಗಿ ಕಂಪ್ಯೂಟರಿನಲ್ಲಿ ನಕ್ಷೆ ರಚಿಸುವ ವಿದ್ಯೆ ಅದು. ಅದನ್ನು ಕಲಿಯಲು ಹೊರ ರಾಜ್ಯದಲ್ಲಿ ಅಥವಾ ಹೊರ ದೇಶದಲ್ಲಿ ತರಬೇತಿ ಇದೆ, ವಿದ್ಯಾರ್ಥಿವೇತನವೂ ಇದೆ. ಆದರೆ ಆ ವೇತನ ಭಾಗಶಃ. ಅರ್ಧ ಅವರು ಕೊಡುತ್ತಾರೆ, ಉಳಿದರ್ಧ ನಾವು ಹೊಂದಿಸಬೇಕು. ತಂದೆತಾಯಿಗಳು ಕೇಳುವ ಪ್ರಶ್ನೆ ಎರಡು. ನಕ್ಷೆ ಬರೆದರೆ ಹೊಟ್ಟೆ ತುಂಬುವುದೇ? ಉಳಿದರ್ಧ ಎಲ್ಲಿಂದ ತರುವುದು? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಮೊದಲು ಆ ವಿದ್ಯೆ ಏನೆಂಬುದನ್ನು ತಿಳಿಯೋಣ. ತೆಳುವಾದ ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಲ್ಪಿಸಿಕೊಳ್ಳಿ. ಒಂದರಲ್ಲಿ ಹಳೆಯ ಗ್ರಾಮನಕ್ಷೆಯ ಕೆರೆಯಂಗಳ, ಇನ್ನೊಂದರಲ್ಲಿ ರಾಜಕಾಲುವೆ, ಮತ್ತೊಂದರಲ್ಲಿ ಈ ವರ್ಷದ ಉಪಗ್ರಹ ಚಿತ್ರ, ಮೇಲಿನದರಲ್ಲಿ ಮಳೆಗಾಲದಲ್ಲಿ ನೀರು ನುಗ್ಗಿದ ಮನೆಗಳು. ಎಲ್ಲವನ್ನೂ ಒಂದೇ ಅಳತೆಗೆ ಹೊಂದಿಸಿ ನೋಡಿದಾಗ, ನೀರು ತನ್ನ ಹಳೆಯ ದಾರಿಯನ್ನೇ ಹಿಡಿದು ಬಂದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇದನ್ನೇ ಭೌಗೋಳಿಕ ಮಾಹಿತಿ ವ್ಯವಸ್ಥೆ, ಚಿಕ್ಕದಾಗಿ ಜಿಐಎಸ್, ಎನ್ನುತ್ತಾರೆ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲಿಯೂ 2024ರ ಅಕ್ಟೋಬರಿನಲ್ಲಿಯೂ ಜಲಾವೃತವಾಗಿ, ಅಲ್ಲಿನ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಯಲಹಂಕ ಕೆರೆಯ ನೀರು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ ಹರಿಯುವ ಸರಪಳಿಯನ್ನು ಬಲ್ಲ ಹಿರಿಯರಿಗೆ ಅದು ಆಶ್ಚರ್ಯದ ಸಂಗತಿಯಾಗಿರಲಾರದು. ಆದರೆ ಹಿರಿಯರ ನೆನಪನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲ, ನಕ್ಷೆಯನ್ನು ಸೇರಿಸಬಹುದು.

ನಕ್ಷೆಯ ಬಲವನ್ನು ಮಲೆನಾಡಿನ ನಮ್ಮ ಬಂಧುಗಳು ಇನ್ನೂ ಚೆನ್ನಾಗಿ ಬಲ್ಲರು. ಪಶ್ಚಿಮ ಘಟ್ಟಗಳ ಕುರಿತು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ವರದಿ ನೀಡಿದವು. ಎರಡನೆಯದು ಉಪಗ್ರಹ ಚಿತ್ರಗಳ ಆಧಾರದಿಂದ ಘಟ್ಟಗಳ ಸುಮಾರು ಶೇಕಡ 37ರಷ್ಟು ಭಾಗವನ್ನು, ಎಂದರೆ ಹೆಚ್ಚುಕಡಿಮೆ 60,000 ಚದರ ಕಿಲೋಮೀಟರನ್ನು, ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಗುರುತಿಸಿದ್ದು ಗ್ರಾಮವಾರು. ಆ ವರದಿಗಳ ಪರ-ವಿರೋಧದ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ತಮ್ಮ ಊರು ಆ ಬಣ್ಣದೊಳಗೆ ಏಕೆ ಬಂತು, ಅಡಿಕೆ ತೋಟವನ್ನು ಕಾಡೆಂದು ಎಣಿಸಿದ್ದಾರೆಯೇ ಎಂದು ಪರಿಶೀಲಿಸಿ ಉತ್ತರಿಸಬಲ್ಲವರು ಎಷ್ಟು ಹಳ್ಳಿಗಳಲ್ಲಿದ್ದರು ಎಂಬುದಷ್ಟೇ ನನ್ನ ಪ್ರಶ್ನೆ. ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಚಿಹ್ನೆ ಬೇರೆ, ಅದು ಸೂಚಿಸುವ ವಸ್ತು ಬೇರೆ ಎಂಬ ಪಾಠವನ್ನು ನಾವು ಬಾಯಿಪಾಠ ಮಾಡಿದ್ದೆವು. ನಕ್ಷೆಯೂ ಒಂದು ಚಿಹ್ನೆ. ಅದರಲ್ಲಿ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು ಎಂದು ಯಾರೋ ಒಬ್ಬರು ನಿರ್ಧರಿಸಿರುತ್ತಾರೆ. ಆ ನಿರ್ಧಾರದ ಕೋಣೆಯಲ್ಲಿ ನಮ್ಮ ಮಕ್ಕಳೂ ಇರಲಿ ಎಂಬ ಆಸೆ ತಪ್ಪಲ್ಲ.

ಧರ್ಮಸಭೆಗೆ ಈ ಕ್ಷೇತ್ರ ಅಪರಿಚಿತವೂ ಅಲ್ಲ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು, ಸಸ್ಯಶಾಸ್ತ್ರಜ್ಞ ಫಾದರ್ ಸೆಸಿಲ್ ಸಲ್ಡಾನಾ ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಅವರೊಡನೆ ಸೇರಿ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥವನ್ನು 1976ರಲ್ಲಿ ಹೊರತಂದರು. ಕರ್ನಾಟಕದ ಸಸ್ಯಸಂಪತ್ತಿನ ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಯಾವ ಗಿಡ ಎಲ್ಲಿದೆ ಎಂದು ಕಾಲ್ನಡಿಗೆಯಲ್ಲಿ ಹೋಗಿ ದಾಖಲಿಸಿದ ಆ ಶ್ರಮ ಇಂದಿನ ನಕ್ಷಾವಿದ್ಯೆಗೆ ಮೂಲಧನ. ನಮ್ಮ ಕಾಲದಲ್ಲಿ ಮಾಲಿ ಬರ್ಹಾನ್ಸ್ ಎಂಬ ಅಮೆರಿಕದ ಕಥೋಲಿಕ ಯುವತಿ 2015ರಲ್ಲಿ ಗುಡ್‌ಲ್ಯಾಂಡ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಧರ್ಮಸಭೆಯ ಒಡೆತನದ ಭೂಮಿ ಎಲ್ಲೆಲ್ಲಿದೆ, ಅದನ್ನು ಪರಿಸರಕ್ಕೆ ಹಿತವಾಗುವಂತೆ ಹೇಗೆ ಬಳಸಬಹುದು ಎಂಬುದನ್ನು ನಕ್ಷೆಗೆ ತಂದರು. ಜಗದ್ಗುರು ಫ್ರಾನ್ಸಿಸರ ‘ಲೌದಾತೋ ಸೀ’ ವಿಶ್ವಪತ್ರ ಪ್ರಕಟವಾದದ್ದೂ ಅದೇ ವರ್ಷ. 2019ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಆಕೆಯನ್ನು ಯುವ ಸಾಧಕಿಯೆಂದು ಗೌರವಿಸಿತು. ಆಕೆಗೆ ಬೇಕಾದ ದುಬಾರಿ ತಂತ್ರಾಂಶವನ್ನು ಎಸ್ರಿ ಎಂಬ ಕಂಪನಿ ಉಚಿತವಾಗಿ ಒದಗಿಸಿತು. ಇದು ಗಮನಿಸಬೇಕಾದ ಮಾತು: ಆಕೆಗೂ ದೊರೆತದ್ದು ಒಂದು ಭಾಗದ ನೆರವು, ಉಳಿದುದನ್ನು ಆಕೆಯೇ ಕಟ್ಟಿಕೊಳ್ಳಬೇಕಾಯಿತು.

ಇನ್ನು ಲೆಕ್ಕಕ್ಕೆ ಬರೋಣ. ತೊಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಸೊಸೈಟಿ ಫಾರ್ ಕನ್ಸರ್ವೇಷನ್ ಜಿಐಎಸ್’ ಎಂಬ ಸಂಘವು ನಾನಾ ದೇಶಗಳ ಸಂರಕ್ಷಣಾ ಕಾರ್ಯಕರ್ತರನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿ ತರಬೇತಿ ನೀಡಿದ ಹೆಸರುಳ್ಳದ್ದು. ಇಂಥ ಸಂಸ್ಥೆಗಳ ಭಾಗಶಃ ನೆರವಿನಲ್ಲಿ ಸಾಮಾನ್ಯವಾಗಿ ಮನ್ನಾ ಆಗುವುದು ತರಬೇತಿಯ ಶುಲ್ಕ. ಕೆಲವೊಮ್ಮೆ ವಸತಿ, ಊಟ. ವಿಮಾನದ ಟಿಕೆಟ್, ವೀಸಾ, ವಿಮೆ, ಕೈಖರ್ಚು ಇವು ಅಭ್ಯರ್ಥಿಯ ತಲೆಯ ಮೇಲೆ ಬೀಳುವುದೇ ಹೆಚ್ಚು. ಅಮೆರಿಕದ ಸಂದರ್ಶಕ ವೀಸಾದ ಅರ್ಜಿ ಶುಲ್ಕ 2023ರಲ್ಲಿ 185 ಡಾಲರಿಗೆ ಏರಿತು. ವೀಸಾ ನಿರಾಕರಿಸಿದರೂ ಆ ಹಣ ಹಿಂದಿರುಗದು. ಸಂದರ್ಶನಕ್ಕೆ ಚೆನ್ನೈ ಅಥವಾ ಹೈದರಾಬಾದಿಗೆ ಹೋಗಬೇಕಾಗಿ ಬಂದರೆ ಆ ರೈಲು ಖರ್ಚೂ ಇದೆ. ಆಯ್ಕೆಪತ್ರ ಬಂದ ದಿನ ಮನೆಯಲ್ಲಿ ಸಿಹಿ ಹಂಚಿ, ಹದಿನೈದು ದಿನಗಳ ನಂತರ ತಾಯಿಯ ಬಳೆಗಳನ್ನು ಅಡವಿಡುವ ಮಾತು ಎತ್ತುವುದು ಬೇಡ. ಅರ್ಜಿಗೆ ಸಹಿ ಹಾಕುವ ಮೊದಲೇ ಒಂದು ಹಾಳೆಯ ಎಡಭಾಗದಲ್ಲಿ ಅವರು ಕೊಡುವುದನ್ನೂ ಬಲಭಾಗದಲ್ಲಿ ಅವರು ಕೊಡದಿರುವುದನ್ನೂ ಬರೆದುಕೊಳ್ಳಬೇಕು. ಪ್ರಕಟಣೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಪತ್ರ ಬರೆದು ಕೇಳಬೇಕು. ಕೇಳಿದ ಮಾತ್ರಕ್ಕೆ ಯಾರೂ ಅರ್ಜಿಯನ್ನು ತಳ್ಳಿಹಾಕುವುದಿಲ್ಲ. ನಮ್ಮವರಿಗೆ ಮಾತ್ರ ಹಣದ ಪ್ರಶ್ನೆ ಕೇಳಲು ಸಂಕೋಚ. ವಿವೇಕವೆಂಬ ಸದ್ಗುಣ ಬಿಡಿ ಸಂಗತಿಗಳನ್ನು ಬಲ್ಲದ್ದಾಗಿರಬೇಕೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಟಿಕೆಟಿನ ದರವೂ ಅಂಥದೊಂದು ಬಿಡಿ ಸಂಗತಿ.

ಉಳಿದರ್ಧಕ್ಕೆ ಇರುವ ದಾರಿಗಳಲ್ಲಿ ಗೊಂದಲವಿದೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ವೃತ್ತಿಪರ ಪದವಿಗಳನ್ನು ಉದ್ದೇಶಿಸಿದ್ದು. ಮೂರು ವಾರದ ತರಬೇತಿಗೆ ಅದನ್ನು ನಂಬಿ ಕೂರಬಾರದು. 1892ರಲ್ಲಿ ಆರಂಭವಾದ ಜೆ.ಎನ್. ಟಾಟಾ ದತ್ತಿಯು ವಿದೇಶದ ಉನ್ನತ ವ್ಯಾಸಂಗಕ್ಕೆ ಸಾಲರೂಪದ ವಿದ್ಯಾರ್ಥಿವೇತನ ನೀಡುತ್ತದೆ. ನಮ್ಮ ಕನ್ನಡಿಗ ಭೌತವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿಗೆ ಹೋದದ್ದು ಟಾಟಾ ವಿದ್ಯಾರ್ಥಿಯಾಗಿಯೇ. ಪೂರ್ಣಾವಧಿಯ ಸ್ನಾತಕೋತ್ತರ ಪದವಿಗೆ ಹೋಗುವವರು ಅದನ್ನು ನೋಡಬೇಕು. ಅಲ್ಪಾವಧಿಯ ತರಬೇತಿಗೆ ಹೋಗುವವರಿಗೆ ಉಳಿಯುವುದು ಕುಟುಂಬ, ಕೆಲಸ ಕೊಟ್ಟ ಸಂಸ್ಥೆ, ಮತ್ತು ಧರ್ಮಕೇಂದ್ರ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ನೆರವು ಬಡ ಕುಟುಂಬಗಳ ಅಕ್ಕಿಬೇಳೆಗೆ, ಮಕ್ಕಳ ಶಾಲಾ ಶುಲ್ಕಕ್ಕೆ ಮೀಸಲು. ಅದನ್ನು ಮುಟ್ಟುವುದು ಸರಿಯಲ್ಲ. ಆದರೆ ಧರ್ಮಕೇಂದ್ರದ ಹಬ್ಬದ ದೀಪಾಲಂಕಾರಕ್ಕೆಂದು ನಾವು ಪ್ರತಿವರ್ಷ ಸಂಗ್ರಹಿಸುವ ವಂತಿಗೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಇಂಥ ಒಬ್ಬರಿಗೆ ವಿಮಾನದ ಖರ್ಚು ಕೊಟ್ಟರೆ ಯಾವ ಸಂತರೂ ಮುನಿಸಿಕೊಳ್ಳಲಾರರು. ಷರತ್ತು ಒಂದಿರಲಿ: ಕಲಿತು ಬಂದವರು ಇಲ್ಲಿನ ಹತ್ತು ಮಂದಿಗೆ ಕಲಿಸಬೇಕು. ಮಗನಾದರೆ ಕಳಿಸೋಣ, ಮಗಳಾದರೆ ಬೇಡ ಎನ್ನುವ ಮನೆಗಳೂ ಇವೆ. ಅರ್ಧ ವೇತನವನ್ನು ಆಗ ನೆಪವಾಗಿ ಹಿಡಿಯುತ್ತಾರೆ. ಅದು ಹಣದ ಪ್ರಶ್ನೆಯಲ್ಲ ಎಂಬುದು ಅವರಿಗೂ ಗೊತ್ತು.

ಆಯ್ಕೆಗಾರರು ಅಂಕಪಟ್ಟಿಗಿಂತ ಹೆಚ್ಚಾಗಿ ನೋಡುವುದು ಅಭ್ಯರ್ಥಿ ಈಗಾಗಲೇ ಮಾಡಿರುವ ಕೆಲಸವನ್ನು. ಈ ವಿಷಯದಲ್ಲಿ ಉತ್ತರ ಬೆಂಗಳೂರಿನವರು ಭಾಗ್ಯವಂತರು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಇರುವುದು ಯಲಹಂಕದ ಸಮೀಪ ದೊಡ್ಡಬೆಟ್ಟಹಳ್ಳಿಯಲ್ಲಿ. ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆ ಜಕ್ಕೂರಿನ ಬಳಿಯ ಶ್ರೀರಾಮಪುರದಲ್ಲಿದೆ. ವನ್ಯಜೀವಿ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ನೀಡಿ ಹೆಸರಾದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಜಿಕೆವಿಕೆ ಆವರಣದಲ್ಲಿದೆ. ದೂರಸಂವೇದಿ ಕೇಂದ್ರವು ಸಿದ್ಧಪಡಿಸಿದ ‘ದಿಶಾಂಕ್’ ಎಂಬ ಉಚಿತ ಆ್ಯಪನ್ನು ಮೊಬೈಲಿನಲ್ಲಿ ತೆರೆದರೆ, ನಾವು ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೆ ಒಂದು ಪೈಸೆಯೂ ಕೊಡಬೇಕಾಗಿಲ್ಲ. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಅಂತರ್ಜಾಲದ ಮೂಲಕ ಉಚಿತ ಪಾಠಗಳನ್ನು ನಡೆಸುತ್ತದೆ, ಪ್ರಮಾಣಪತ್ರವನ್ನೂ ಕೊಡುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು 2008ರಿಂದ ಉಚಿತ. ಅದರ ಒಂದು ಚುಕ್ಕೆ 30 ಮೀಟರ್ ಚೌಕ. ಯುರೋಪಿನ ಸೆಂಟಿನೆಲ್-2ರದು 10 ಮೀಟರ್ ಚೌಕ. ನೂರು ಚದರ ಮೀಟರ್ ಎಂದರೆ ನಮ್ಮ ಮೂವತ್ತು-ನಲವತ್ತರ ನಿವೇಶನಕ್ಕಿಂತ ತುಸು ಕಡಿಮೆ. ಹೀಗೆ ವಿವರಿಸಿದರೆ ನಿವೇಶನದ ಭಾಷೆಯಲ್ಲಿಯೇ ಬೆಳೆದ ನಮ್ಮ ಹಿರಿಯರಿಗೂ ಉಪಗ್ರಹ ಎಷ್ಟು ಸೂಕ್ಷ್ಮವಾಗಿ ನೋಡಬಲ್ಲದು ಎಂಬುದು ತಟ್ಟನೆ ಅರ್ಥವಾಗುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮುನ್ನ ಒಂದು ಮಳೆಗಾಲವನ್ನು ಹೆಬ್ಬಾಳ ಕೆರೆಗೋ ಜಕ್ಕೂರು ಕೆರೆಗೋ ಕೊಡಿ. ಕಳೆ ಎಲ್ಲಿಯವರೆಗೆ ಹಬ್ಬಿದೆ, ಒಳಹರಿವಿನ ಬಾಯಿ ಎಲ್ಲಿ ಕಿರಿದಾಗಿದೆ ಎಂದು ತಿಂಗಳಿಗೊಮ್ಮೆ ಗುರುತಿಸಿ. ಬಾಲ್ಯದಿಂದಲೂ ನನಗೆ ಪ್ರಕೃತಿಯಲ್ಲಿ ಆಸಕ್ತಿ ಎಂದು ಆರಂಭವಾಗುವ ಪ್ರಬಂಧಗಳನ್ನು ಆಯ್ಕೆಗಾರರು ಸಾಕಷ್ಟು ಓದಿರುತ್ತಾರೆ. ಈ ಕೆರೆ, ಈ ಸರ್ವೆ ನಂಬರು, ಇಷ್ಟು ಅಗಲದ ಕಾಲುವೆ, ಈ ನಕ್ಷೆಯನ್ನು ಬಳಸುವವರು ಇಂಥವರು, ನನಗೆ ಬಾರದಿರುವುದು ಇದು, ಅದನ್ನು ಕಲಿಯಲು ಬರುತ್ತಿದ್ದೇನೆ ಎಂದು ಬರೆದ ಎರಡು ಪುಟಗಳಿಗೆ ಬೇರೆಯೇ ತೂಕ. ಶಿಫಾರಸು ಪತ್ರಕ್ಕಾಗಿ ಮೊದಲು ಗುರುಗಳ ಮನೆಯ ಬಾಗಿಲು ತಟ್ಟುವುದು ನಮ್ಮ ರೂಢಿ. ಹುಡುಗ ಸದ್ಗುಣಿ, ಪ್ರತಿ ಭಾನುವಾರ ಬಲಿಪೂಜೆಗೆ ಬರುತ್ತಾನೆ ಎಂಬ ಪತ್ರ ಬರೆಯುವುದರಲ್ಲಿ ನಾವು ಗುರುಗಳು ಪಳಗಿದ್ದೇವೆ, ಬರೆದುಕೊಡುತ್ತೇವೆ ಕೂಡ; ಆದರೆ ಇಲ್ಲಿ ಅದರಿಂದ ಪ್ರಯೋಜನ ಸ್ವಲ್ಪವೇ. ಕೆಲಸವನ್ನು ಕಣ್ಣಾರೆ ಕಂಡ ಉಪನ್ಯಾಸಕರ, ಅರಣ್ಯಾಧಿಕಾರಿಗಳ, ಕೆರೆ ಸಮಿತಿಯವರ ಪತ್ರ ಬೇಕು. ಒಂದು ವಾರ ಮುಂಚೆಯಲ್ಲ, ಎರಡು ತಿಂಗಳು ಮುಂಚೆ ಕೇಳಬೇಕು.

ಹೊಟ್ಟೆಪಾಡಿನ ಪ್ರಶ್ನೆ ಉಳಿಯಿತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಭಾರತೀಯ ಸಂಸ್ಥೆಗಳು ನಕ್ಷೆ ತಯಾರಿಸಲು ಪೂರ್ವಾನುಮತಿ ಪಡೆಯಬೇಕೆಂಬ ನಿರ್ಬಂಧವನ್ನು ಸಡಿಲಿಸಿತು. 2022ರಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಬಂತು. ಈ ವಿದ್ಯೆ ಬಲ್ಲವರು ನಗರ ಯೋಜನೆ, ಕೃಷಿ, ಅರಣ್ಯ, ವಿಮೆ, ಖಾಸಗಿ ಕಂಪನಿಗಳು ಎಲ್ಲೆಡೆ ಬೇಕಾಗುತ್ತಾರೆ. ಸಂರಕ್ಷಣೆಯ ಸಂಸ್ಥೆಗಳಲ್ಲಿ ಸಂಬಳ ಕಂಪನಿಗಳಿಗಿಂತ ಕಡಿಮೆ, ನೇಮಕಾತಿ ಹಲವೆಡೆ ಯೋಜನೆಯ ಅವಧಿಗೆ ಮಾತ್ರ. ಇದನ್ನು ಮಕ್ಕಳಿಂದ ಮರೆಮಾಚಬಾರದು, ಮಕ್ಕಳೂ ತಂದೆತಾಯಿಗಳಿಂದ ಮರೆಮಾಚಬಾರದು.

ಬೆಂಗಳೂರಿಗೂ ಭೂಮಾಪನಕ್ಕೂ ಹಳೆಯ ನಂಟು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ತನ್ನ ಸರ್ವೇಕ್ಷಣೆಯ ಆಧಾರರೇಖೆಯನ್ನು ಅಳೆದದ್ದು ಈ ನಗರದ ಬಳಿಯಲ್ಲಿ. ಆ ಸರ್ವೇಕ್ಷಣೆಯ ಮುಂದಿನ ಹಂತಕ್ಕಾಗಿ ಹೆಣ್ಣೂರು-ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಕಟ್ಟಿದ ವೀಕ್ಷಣಾಲಯ ಒಂದೂವರೆ ಶತಮಾನ ಬಾಳಿ, 2024ರಲ್ಲಿ ನೆಲಸಮವಾಯಿತು.

ಕೊನೆಯದಾಗಿ ಪಾಸ್‌ಪೋರ್ಟಿನ ಮಾತು. ನಮ್ಮ ಮಕ್ಕಳಿಗೆ ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ವಿದೇಶೀ ಅರ್ಜಿ ಕುಲನಾಮವನ್ನು ಪ್ರತ್ಯೇಕವಾಗಿ ಕೇಳುತ್ತದೆ. ಆಯ್ಕೆಪತ್ರ ಒಂದು ಹೆಸರಿಗೆ, ಪಾಸ್‌ಪೋರ್ಟ್ ಇನ್ನೊಂದಕ್ಕೆ ಬಂದರೆ ವೀಸಾದ ಮೇಜಿನಲ್ಲಿ ತೊಡಕು ತಪ್ಪದು. ಅರ್ಜಿಯ ಯೋಚನೆ ಇರುವವರು ಈ ಮೂರನ್ನೂ ಈಗಲೇ ಪಕ್ಕಪಕ್ಕ ಇಟ್ಟು ನೋಡಲಿ. ದೀಕ್ಷಾಸ್ನಾನದ ಪ್ರಮಾಣಪತ್ರ ಬೇಕಾದವರು ತಾವು ದೀಕ್ಷಾಸ್ನಾನ ಪಡೆದ ಧರ್ಮಕೇಂದ್ರದ ಹೆಸರು ಮತ್ತು ವರ್ಷವನ್ನು ತಿಳಿದುಕೊಂಡು ಬಂದರೆ ಹುಡುಕುವ ಕೆಲಸ ಬೇಗ ಮುಗಿಯುತ್ತದೆ.