ಪೊರೆ ತೆಗೆದ ಮೇಲೆ



ನಮ್ಮ ಭಾಗಮಂಡಲದಲ್ಲಿ ಮೂರು ನದಿಗಳು ಕೂಡುತ್ತವೆಂಬುದು ನಂಬಿಕೆ. ಕಾವೇರಿ, ಕನ್ನಿಕೆಯರು ಕಣ್ಣಿಗೆ ಕಾಣುತ್ತಾರೆ, ಸುಜ್ಯೋತಿ ಗುಪ್ತಗಾಮಿನಿ. ಕಣ್ಣಿನ ವಿಷಯವೂ ಹೀಗೆಯೇ. ಬಲಿತ ಪೊರೆ ಕನ್ನಡಿಯಲ್ಲಿಯೂ ಬೆಳ್ಳಗೆ ತೋರುತ್ತದೆ. ಅದರ ಹಿಂದಿನ ಅಕ್ಷಿಪಟಲ ನಮಗೆ ಕಾಣದು. ಬೆಳಕು ನೋಟವಾಗಿ ಮಾರ್ಪಡಲು ತೊಡಗುವುದು ಮಾತ್ರ ಅಲ್ಲಿಯೇ.

ಒಂದು ಮೇ ತಿಂಗಳಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆದರು. ಮರುದಿನ ಪಟ್ಟಿ ಬಿಚ್ಚಿದಾಗ, ಹಳದಿಯೆಂದುಕೊಂಡಿದ್ದ ಮನೆಯ ಗೋಡೆ ಬಿಳಿಯದೆಂದು ತಿಳಿದು ಬೆರಗಾದೆ. ಐದು ವಾರ ಕಳೆಯಿತು, ಮುಂಗಾರು ಹಿಡಿಯಿತು. ಪುಸ್ತಕದ ಸಾಲುಗಳು ನಡುವೆ ಬಾಗಿದಂತೆ, ಅಕ್ಷರಗಳು ಮಸುಕಾದಂತೆ ಕಂಡವು. ಮಳೆ ನಿಂತ ಮೇಲೆ ಕನ್ನಡಕ ಬದಲಿಸಿದರಾಯಿತೆಂದು ನಾನು ಸುಮ್ಮನಿದ್ದೆ. ನನ್ನ ಮಡದಿ ಸುಮ್ಮನಿರಲಿಲ್ಲ.

ಪರೀಕ್ಷೆಯಲ್ಲಿ ತಿಳಿದುದಿಷ್ಟು. ಅಕ್ಷಿಪಟಲದ ನಡುವೆ ಮ್ಯಾಕ್ಯುಲವೆಂಬ ಸಣ್ಣ ತಾಣವಿದೆ. ಓದುವುದಕ್ಕೂ ಮುಖ ಗುರುತಿಸುವುದಕ್ಕೂ ಅದೇ ಆಧಾರ. ಶಸ್ತ್ರಕ್ರಿಯೆ ಕಣ್ಣಿನ ಮುಂಭಾಗದಲ್ಲಿ ನಡೆದರೂ, ಅದರಿಂದೆದ್ದ ಉರಿಯೂತದ ಪರಿಣಾಮ ಹಿಂದಕ್ಕೂ ತಲಪಬಹುದು. ಆಗ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಜಿನುಗಿ ಆ ತಾಣ ಊದಿಕೊಳ್ಳುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರಗಳ ಹೊತ್ತಿಗೆ ಇದು ತೋರುತ್ತದೆ. 1953ರಲ್ಲಿ ಇದನ್ನು ವಿವರಿಸಿದ ಇರ್ವಿನ್, ಮುಂದೆ ಇದರ ಸ್ವರೂಪವನ್ನು ಸ್ಪಷ್ಟಪಡಿಸಿದ ಗ್ಯಾಸ್ ಎಂಬ ಅಮೆರಿಕದ ವೈದ್ಯರಿಬ್ಬರ ಹೆಸರು ಇದಕ್ಕೆ ಅಂಟಿಕೊಂಡಿದೆ. ಸಕ್ಕರೆ ಕಾಯಿಲೆಯವರಿಗೆ ಇದರ ಸಂಭವ ಹೆಚ್ಚು. ಬಹುಮಂದಿಗೆ ಕಣ್ಣಿನ ಹನಿಗಳಿಂದಲೇ ಗುಣವಾಗುತ್ತದೆ; ಬಹುಕಾಲ ಊದಿಕೊಂಡೇ ಉಳಿದರೆ ಹಾನಿ ಶಾಶ್ವತವಾಗಬಹುದು.

ಇನ್ನೊಂದು ಬದಲಾವಣೆ ವಿರಳ, ಆದರೆ ಉಗ್ರ. ಕಣ್ಣಿನೊಳಗೆ ತುಂಬಿರುವ ಲೋಳೆಯಂಥ ವಸ್ತು ಕುಗ್ಗಿ ಹಿಂದಿನಿಂದ ಕಳಚಿಕೊಳ್ಳುವಾಗ, ಕೆಲವೊಮ್ಮೆ ಅಕ್ಷಿಪಟಲವನ್ನೇ ಜಗ್ಗಿ ಹರಿಯುತ್ತದೆ. ಆ ಹರಕಿನೊಳಗೆ ದ್ರವ ನುಗ್ಗಿದರೆ ಅಕ್ಷಿಪಟಲ ಗೋಡೆಯ ಸುಣ್ಣದಂತೆ ಕಳಚುತ್ತದೆ. ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳು ನಾಡಿನಲ್ಲಿ ಮನೆಮಾತಾಗಿದ್ದ ಕಾಲದಲ್ಲಿ ಮಸೂರವನ್ನು ಅದರ ಚೀಲದೊಡನೆ ಇಡಿಯಾಗಿ ತೆಗೆಯುವುದೇ ರೂಢಿಯ ವಿಧಾನ. ಬಳಿಕ ದಪ್ಪ ಕನ್ನಡಕ. ಈಗ ಚೀಲದ ಹಿಂಬದಿಯ ಪರೆಯನ್ನು ಉಳಿಸಿ, ಒಳಗೆ ಕೃತಕ ಮಸೂರವನ್ನು ಕೂಡಿಸುತ್ತಾರೆ. ಆ ಪರೆ ತಡೆಯಾಗಿ ನಿಲ್ಲುವುದರಿಂದ ಅಪಾಯ ತಗ್ಗಿದೆ, ಇಲ್ಲವಾಗಿಲ್ಲ. ಹೆಚ್ಚಿನ ಸಮೀಪದೃಷ್ಟಿಯುಳ್ಳವರು ವಿಶೇಷವಾಗಿ ಎಚ್ಚರದಿಂದಿರಬೇಕು. ಕಣ್ಣಿನಲ್ಲಿ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ತೇಲಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ತೋರಿದರೆ ಅಂದೇ ವೈದ್ಯರನ್ನು ಕಾಣಬೇಕು. ಇದರಲ್ಲಿ ನೋವಿರುವುದಿಲ್ಲ, ಆದ್ದರಿಂದಲೇ ನಾವು ಮೋಸಹೋಗುತ್ತೇವೆ.

ನನ್ನ ಸಾಲುಗಳು ಮೂರು ತಿಂಗಳಲ್ಲಿ ನೆಟ್ಟಗಾದವು. ಸಂಜೆಯ ಮಬ್ಬಿನಲ್ಲಿ ತುಸು ಮಸುಕು ಇಂದಿಗೂ ಉಳಿದಿದೆ. ಸಂಗಮದಲ್ಲಿ ನೀರೇರುವ ತಿಂಗಳುಗಳಲ್ಲಿ ಮನೆ ಬಿಟ್ಟು ಹೊರಡಲು ನಮಗೆ, ಅದರಲ್ಲೂ ವಯಸ್ಸಾದವರಿಗೆ, ಮನಸ್ಸಾಗದು. ಅವಸರವಿಲ್ಲವೆಂದು ವೈದ್ಯರು ಹೇಳಿದರೆ ಪೊರೆಯ ಶಸ್ತ್ರಕ್ರಿಯೆಯನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ, ಹೋಗಿಬರುವುದು ಸುಲಭವಾದೀತು. ಮಾಡಿಸಿಕೊಂಡ ಮೇಲೆ ಕಣ್ಣು ಕೆಟ್ಟ ಸುದ್ದಿ ಹೇಳಿದರೆ ಮಾತ್ರ ಮಳೆ ನಿಲ್ಲಲೆಂದು ಕಾಯಬೇಡಿ.