ಋತುಬಂಧವೂ ಹೃದಯವೂ

ಹೃದಯಾಘಾತವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ನಡುವಯಸ್ಸಿನ ಗಂಡಸೊಬ್ಬನು ಎದೆ ಹಿಡಿದುಕೊಂಡು ಕುಸಿಯುವ ಚಿತ್ರ. ಹೆಂಗಸರಿಗೆ ಈ ರೋಗದ ಭಯವಿಲ್ಲವೆಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಆದರೆ ಜಗತ್ತಿನಲ್ಲಿ ಸಾಯುವ ಹೆಂಗಸರಲ್ಲಿ ಸುಮಾರು ಮೂವರಿಗೊಬ್ಬರು ಹೃದಯ ಮತ್ತು ರಕ್ತನಾಳಗಳ ರೋಗದಿಂದಲೇ ಸಾಯುತ್ತಾರೆ. ಹಾಗಾದರೆ ಈ ಭಾವನೆ ಹುಟ್ಟಿದ್ದು ಹೇಗೆ?

ಅದರಲ್ಲಿ ಅರ್ಧ ಸತ್ಯವಿದೆ. ಹೆಂಗಸರಿಗೆ ಹೃದ್ರೋಗವು ಗಂಡಸರಿಗಿಂತ 7ರಿಂದ 10 ವರ್ಷ ತಡವಾಗಿ ಬರುವುದು ವಾಡಿಕೆ. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ದೀರ್ಘ ಅಧ್ಯಯನ ಪ್ರಾರಂಭವಾಯಿತು. 5,209 ಸ್ತ್ರೀಪುರುಷರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತ ಬಂದ ವೈದ್ಯರು ಒಂದು ಸಂಗತಿಯನ್ನು ಗಮನಿಸಿದರು: ಒಂದೇ ವಯಸ್ಸಿನ ಹೆಂಗಸರಲ್ಲಿ, ಮುಟ್ಟು ನಿಂತವರಿಗೆ ಹೃದ್ರೋಗ ಹೆಚ್ಚು, ನಿಲ್ಲದವರಿಗೆ ಕಡಿಮೆ.

ಇದಕ್ಕೆ ಕಾರಣವೇನಿರಬಹುದು? ಹೆಣ್ಣಿನ ಅಂಡಾಶಯಗಳು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ರಕ್ತನಾಳಗಳ ಗೋಡೆಯನ್ನು ಸಡಿಲವಾಗಿರಿಸುತ್ತದೆ. ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲನ್ನು ಯಕೃತ್ತು ಹೀರಿಕೊಳ್ಳುವುದಕ್ಕೆ ನೆರವಾಗುತ್ತದೆ. ಸಾಮಾನ್ಯವಾಗಿ 45ರಿಂದ 55ರ ವಯಸ್ಸಿನೊಳಗೆ ಅಂಡಾಶಯಗಳ ಈ ಕೆಲಸ ನಿಲ್ಲುತ್ತದೆ. ಇದೇ ಋತುಬಂಧ. ಆಗ ಕೊಲೆಸ್ಟರಾಲ್ ಏರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ನಾಳಗಳು ಪೆಡಸಾಗುತ್ತವೆ.

ಹಾಗಿದ್ದಲ್ಲಿ, ಕಡಿಮೆಯಾದ ಹಾರ್ಮೋನನ್ನು ಗುಳಿಗೆಯ ರೂಪದಲ್ಲಿ ಕೊಟ್ಟರೆ ಹೃದಯ ಉಳಿಯಬೇಕಲ್ಲವೇ? ತರ್ಕ ಸರಿಯಾಗಿಯೇ ತೋರುತ್ತದೆ. ಗುಳಿಗೆ ಸೇವಿಸುವ ಹೆಂಗಸರಲ್ಲಿ ಹೃದ್ರೋಗ ಕಡಿಮೆಯೆಂದು ಕೆಲವು ಸಮೀಕ್ಷೆಗಳೂ ಹೇಳಿದವು. ಲಕ್ಷಾಂತರ ಹೆಂಗಸರು ಅದನ್ನು ಸೇವಿಸಿದರು.

ಆದರೆ ವಿಜ್ಞಾನಕ್ಕೆ ತರ್ಕ ಮಾತ್ರ ಸಾಲದು, ಪ್ರಯೋಗ ಬೇಕು. ಅಮೆರಿಕದಲ್ಲಿ 16,608 ಹೆಂಗಸರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಸೇರಿದ ಗುಳಿಗೆಯನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟರು. 2002ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಹುಸಿ ಗುಳಿಗೆಯವರಲ್ಲಿ ವರ್ಷಕ್ಕೆ 10,000ಕ್ಕೆ 30 ಮಂದಿಗೆ ಹೃದ್ರೋಗ ಬಂದರೆ, ಹಾರ್ಮೋನು ಪಡೆದವರಲ್ಲಿ 37 ಮಂದಿಗೆ ಬಂದಿತ್ತು! ಸ್ತನದ ಕ್ಯಾನ್ಸರೂ ಪಾರ್ಶ್ವವಾಯುವೂ ಹೆಚ್ಚಾಗಿದ್ದವು.

ಹಿಂದಿನ ಸಮೀಕ್ಷೆಗಳು ಎಡವಿದ್ದೆಲ್ಲಿ? ತಾವಾಗಿಯೇ ಗುಳಿಗೆ ಸೇವಿಸುತ್ತಿದ್ದವರು ಬಹುಮಟ್ಟಿಗೆ ಅನುಕೂಲಸ್ಥರು, ಮೊದಲೇ ಆರೋಗ್ಯವಂತರು. ಆ ಆರೋಗ್ಯದ ಕೀರ್ತಿ ಗುಳಿಗೆಗೆ ಸಂದಿತ್ತು. ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದನ್ನೂ ನಾವು ಮರೆಯಬಾರದು. ಋತುಬಂಧದ ಹತ್ತಿರದ ವರ್ಷಗಳಲ್ಲಿ, ಮೈ ಬಿಸಿಯೇರುವುದೇ ಮೊದಲಾದ ತೊಂದರೆಗಳಿಗೆ ವೈದ್ಯರು ಇಂದಿಗೂ ಹಾರ್ಮೋನನ್ನು ಕೊಡುವುದುಂಟು. ಹೃದಯರಕ್ಷಣೆಗೆಂದೇ ಕೊಡುವುದಿಲ್ಲ.

ಹಾಗಾದರೆ ರಕ್ಷಣೆ ಯಾವುದು? ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ಪರೀಕ್ಷೆ, ಮಿತವಾದ ಉಪ್ಪು, ದಿನವೂ ನಡಿಗೆ, ಹೊಗೆಸೊಪ್ಪಿನ ವರ್ಜನೆ. ಇವುಗಳ ಜೊತೆಗೆ ಮನೆಯವರ ಎಚ್ಚರ. ಹೆಂಗಸರಲ್ಲಿ ಎದೆನೋವಿನೊಡನೆ, ಕೆಲವೊಮ್ಮೆ ಎದೆನೋವಿಲ್ಲದೆಯೂ, ಉಬ್ಬಸ, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವು, ಅಕಾರಣವಾದ ಆಯಾಸ ಕಾಣಿಸಿಕೊಳ್ಳಬಹುದು. ಇಂಥ ನೋವು ಹಠಾತ್ತನೆ ಬಂದಾಗ ತಾಯಿಯು, “ಏನಿಲ್ಲ, ವಾಯು ಇರಬೇಕು” ಎಂದು ಒಲೆಯ ಮುಂದೆ ನಿಂತಿದ್ದರೆ, ಆ ಮಾತನ್ನು ನಂಬದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ವಿಜ್ಞಾನವನ್ನೋದಿದ ನಮ್ಮೆಲ್ಲರ ಕರ್ತವ್ಯ.